ಪೆನಾಂಗಿನಲ್ಲಿ ಮಹಾಲಯ ಅಮಾವಾಸ್ಯೆ

ಸುನಂದಾ ಗಂಡನ ಹೊಟ್ಟೆಗೆ ಇನ್ಸುಲಿನ್ ಚುಚ್ಚಿದ್ದು ಬೆಳಿಗ್ಗೆ ಏಳೂವರೆಗೆ. ಅವರು ತಿಂಡಿ ತಿಂದಿಲ್ಲ, ತಿನ್ನುವ ಯೋಚನೆಯಲ್ಲೂ ಇಲ್ಲ ಎಂದು ಆಕೆಗೆ ಗೊತ್ತಾದದ್ದು ಹನ್ನೊಂದಕ್ಕೆ ಐದು ನಿಮಿಷ ಇದ್ದಾಗ. ನಡುವಿನ ಅಷ್ಟು ಹೊತ್ತು ಆಕೆ ಏನು ಮಾಡುತ್ತಿದ್ದಳು ಎಂದು ಮಾತ್ರ ಕೇಳಬೇಡಿ. ಹಡಗಿನ ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತು, ನೋಯುವ ಮಂಡಿಗೆ ಬಿಸಿ ಚೀಲ ಇಟ್ಟುಕೊಂಡು, ಕಾಫಿ ಕುಡಿಯುತ್ತ ಸುಖವಾಗಿದ್ದಳು. ಆ ಸುಖವನ್ನು ಆಕೆ ಇವತ್ತಿಗೂ ತನಗೆ ತಾನೇ ಮನ್ನಿಸಿಕೊಂಡಿಲ್ಲ.

ಹಾಗಂತ ಸುನಂದಾ ಮೈಮರೆಯುವ ಹೆಂಗಸೇನಲ್ಲ. ಸಿಂಗಪುರದ ಸೆರಂಗೂನಿನಲ್ಲಿ ಅವರ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯಲ್ಲಿ ಇರುವ ಚೈಲ್ಡ್‌ಕೇರ್ ಸೆಂಟರಿನಲ್ಲಿ ಹದಿನಾರು ವರ್ಷ ಟೀಚರಾಗಿದ್ದವಳು. ಇಪ್ಪತ್ತೆರಡು ಮಕ್ಕಳನ್ನು ಜೂಗೆ ಕರೆದುಕೊಂಡು ಹೋದರೆ ಅರ್ಧ ಗಂಟೆಗೊಮ್ಮೆ ತಲೆ ಎಣಿಸುವುದು, ಬಸ್ಸು ಹತ್ತುವ ಮುಂಚೆ ಒಮ್ಮೆ, ಹತ್ತಿದ ಮೇಲೆ ಒಮ್ಮೆ. ಹದಿನಾರು ವರ್ಷದಲ್ಲಿ ಒಂದು ಮಗುವನ್ನೂ ಕಳೆದವಳಲ್ಲ. ರಿಟೈರ್ ಆದ ಮೇಲೂ ಆ ಚಾಳಿ ಹೋಗಲಿಲ್ಲ. ಮನೆಗೆ ನೆಂಟರು ಬಂದರೆ ಎಲ್ಲರಿಗೂ ಊಟ ಆಯಿತೇ ಎಂದು ಬೆರಳು ಮಡಚಿ ಎಣಿಸುವಳು. ಮಗ ಮಯಂಕ್ ಅದನ್ನು ನೋಡಿ ಗೇಲಿ ಮಾಡುವನು.

ಗಂಡ ಗುರುಮೂರ್ತಿಯವರದು ಇನ್ನೊಂದು ಬಗೆ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ, ಸಿಂಗಪುರದ ಹಡಗು ರಿಪೇರಿ ಯಾರ್ಡಿನಲ್ಲಿ ಇಪ್ಪತ್ತೆಂಟು ವರ್ಷ ಇಂಜಿನಿಯರ್ ಆಗಿದ್ದವರು. ಹಡಗಿನ ಹೊಟ್ಟೆಯೊಳಗೆ ಇಳಿದು ಇಳಿದು ಮೊಣಕೈ ಎಲ್ಲ ಎಣ್ಣೆಯ ಕಲೆ, ಆದರೆ ಪ್ರಯಾಣಿಕನಾಗಿ ಒಂದು ಸಲ ಹಡಗು ಹತ್ತಿದವರಲ್ಲ. ಮಾತು ಕಡಿಮೆ. ಯಾವುದು ಯಾರ ಕೆಲಸವೋ ಅವರೇ ಮಾಡಬೇಕು, ನಡುವೆ ಕೈ ಹಾಕಬಾರದು ಎನ್ನುವ ಮನುಷ್ಯ. ಹನ್ನೊಂದು ವರ್ಷದ ಹಿಂದೆ ಡಾಕ್ಟರು ಇನ್ಸುಲಿನ್ ಶುರು ಮಾಡಿದಾಗ ಪೆನ್ನನ್ನು ಹೆಂಡತಿಯ ಕೈಗೆ ಕೊಟ್ಟು, "ಇದು ನಿನ್ನ ಡಿಪಾರ್ಟ್‌ಮೆಂಟ್ ಕಣೇ" ಎಂದವರು ಅಲ್ಲಿಂದೀಚೆಗೆ ಅದರ ಕಡೆ ತಿರುಗಿಯೂ ನೋಡಿಲ್ಲ. ಅವಳು ಪೆನ್ನು ತಂದರೆ ಅಂಗಿ ಎತ್ತುವುದು, ಅಷ್ಟೇ.

ಅಮಾವಾಸ್ಯೆಯ ದಿನ ಮಾತ್ರ ಪದ್ಧತಿ ಬೇರೆ. ಅಂದು ಅವರು ತರ್ಪಣ ಬಿಡದೆ ಬಾಯಿಗೆ ನೀರು ಹಾಕುವವರಲ್ಲ. ಸುನಂದಾ ಕಾಯುವಳು. ಅವರು ಎಳ್ಳುನೀರು ಬಿಟ್ಟು, ಜನಿವಾರ ಸರಿಮಾಡಿಕೊಂಡು, "ಆಯ್ತು" ಎಂದ ಮೇಲೆ ಇಡ್ಲಿ ಹಬೆಗಿಟ್ಟು ಆಮೇಲೆ ಪೆನ್ನು ತರುವಳು. ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕ ಮೈಸೂರಿನಿಂದ ತರಿಸಿದ ಕ್ಯಾಲೆಂಡರ್ ಇರುತ್ತದೆ, ಹಾಲು ತೆಗೆಯಲು ಹೋದಾಗಲೆಲ್ಲ ತಿಥಿ ಕಣ್ಣಿಗೆ ಬೀಳುತ್ತದೆ. ನೆನಪಿಟ್ಟುಕೊಳ್ಳುವ ಕಷ್ಟವೇ ಬಂದಿರಲಿಲ್ಲ.

ಹಡಗಿನಲ್ಲಿ ಫ್ರಿಜ್ಜೂ ಇಲ್ಲ, ಕ್ಯಾಲೆಂಡರೂ ಇಲ್ಲ. ಮಯಂಕ್ ಮತ್ತು ಅವನ ಹೆಂಡತಿ ಅದ್ವಿಕಾ ಅಪ್ಪ ಅಮ್ಮನನ್ನೂ ಸೇರಿಸಿ ಕ್ರೂಸ್ ಬುಕ್ ಮಾಡಿದ್ದರು. ಸಿಂಗಪುರದಿಂದ ಉತ್ತರಕ್ಕೆ, ಪೆನಾಂಗ್, ಫುಕೆಟ್, ವಾಪಸ್ಸು. ಮೊದಲ ದಿನ ಪೂರ್ತಿ ನೀರು. ಎರಡನೇ ದಿನ ಬೆಳಗಾದರೆ ಪೆನಾಂಗ್. ಇವತ್ತು ಯಾವ ವಾರ ಎಂಬುದೇ ಸುನಂದಾಗೆ ಮರೆತುಹೋಗಿತ್ತು, ಇನ್ನು ತಿಥಿ ಎಲ್ಲಿಯದು!

ಏಳೂವರೆಗೆ ಆಕೆ ಪೆನ್ನು ತಂದಾಗ ಗುರುಮೂರ್ತಿ ಸ್ನಾನ ಮುಗಿಸಿ, ಪ್ಯಾಂಟು ಶರ್ಟು ಹಾಕಿ, ಹೆಗಲಿಗೆ ಬಟ್ಟೆಯ ಚೀಲ ಏರಿಸಿ ನಿಂತಿದ್ದರು. ಎಂದಿನಂತೆ ಅಂಗಿ ಎತ್ತಿದರು. ಆಕೆ ಚುಚ್ಚಿದಳು.

"ಮೇಲೆ ಇಡ್ಲಿ ಇಟ್ಟಿದಾರಂತೆ ರೀ. ಬಿಸಿ ಇರುವಾಗ್ಲೇ ಹೋಗಿ" ಎಂದಳು.

"ನೋಡ್ಕೋತೀನಿ ಬಿಡು."

"ಎಲ್ಲೂ ದೂರ ಹೋಗ್ಬೇಡಿ. ನಾಲ್ಕಕ್ಕೆ ಎಲ್ರೂ ಬೋರ್ಡ್ ಆಗಿರ್ಬೇಕಂತೆ."

"ಅಷ್ಟೊತ್ತೆಲ್ಲ ಎಲ್ಲಿ, ಹತ್ತಕ್ಕೆ ಬಂದ್ಬಿಡ್ತೀನಿ" ಎಂದು ಅವರು ಹೊರಟರು. ಮಯಂಕ್ ಮತ್ತು ಅದ್ವಿಕಾ ಆಗಲೇ ಬೆಟ್ಟ ಹತ್ತುವ ರೈಲಿಗೆಂದು ಇಳಿದು ಹೋಗಿದ್ದರು. ಬಲಗಣ್ಣು ಅದುರಲಿಲ್ಲ, ಕೈಯಿಂದ ಏನೂ ಜಾರಿ ಬೀಳಲಿಲ್ಲ. ಸುನಂದಾ ಬಾಲ್ಕನಿಗೆ ಹೋಗಿ ಕೂತಳು.

ಹತ್ತೂವರೆ ದಾಟಿದಾಗ, ಇನ್ನೂ ಬಂದಿಲ್ಲವಲ್ಲ ಎಂದು ಒಂದು ಸಲ ಅನ್ನಿಸಿತು. ಮೇಲೆ ತಿಂಡಿಯ ಹಾಲ್‌ನಲ್ಲೇ ಕೂತಿರಬಹುದು, ಯಾರಾದರೂ ಇಂಜಿನ್ ಬಗ್ಗೆ ಮಾತಿಗೆ ಸಿಕ್ಕಿರಬೇಕು ಎಂದುಕೊಂಡು ಲಿಫ್ಟ್ ಹತ್ತಿದಳು. ಅಲ್ಲಿ ಗಂಡ ಇರಲಿಲ್ಲ. ಬುಕಿತ್ ಪಂಜಾಂಗಿನ ರೇಣುಕಾ ಇದ್ದಳು, ಸಿಂಗಪುರದ ಕನ್ನಡ ಸಂಘದಲ್ಲಿ ಪರಿಚಯವಾದ ಹುಡುಗಿ, ಇದೇ ಹಡಗಿನಲ್ಲಿ ನಿನ್ನೆ ಸಿಕ್ಕಿ ಇಬ್ಬರೂ ಬೆರಗಾಗಿದ್ದರು. ಬನ್ನಿ ಆಂಟಿ ಎಂದು ಕುರ್ಚಿ ಎಳೆದಳು. ಸುನಂದಾ ಒಂದು ಉಪ್ಪಿಟ್ಟಿನಂಥದ್ದನ್ನು ಬಡಿಸಿಕೊಂಡು ಬಂದು, "ನೀನೂ ತಗೋ, ಚೆನ್ನಾಗಿದೆ" ಎಂದಳು.

"ಅಯ್ಯೋ ಬೇಡ ಆಂಟಿ, ಅದ್ರಲ್ಲಿ ಈರುಳ್ಳಿ ಇದೆ. ಇವತ್ತು ಮಹಾಲಯ ಅಮಾವಾಸ್ಯೆ ಅಲ್ವಾ, ನಮ್ಮತ್ತೆ ಫೋನ್ ಮಾಡಿ ಎರಡೆರಡು ಸಲ ಹೇಳಿದಾರೆ."

ಸುನಂದಾಳ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು.

ಆಗ ನೆನಪಾಯಿತು. ಎಲ್ಲ ಒಟ್ಟಿಗೆ ನೆನಪಾಯಿತು. ಹಿಂದಿನ ಸಂಜೆ ಹಡಗಿನ ಥಿಯೇಟರಿನಲ್ಲಿ ಒಬ್ಬ ಹುಡುಗಿ ಮೇಲಿನಿಂದ ಇಳಿಬಿಟ್ಟ ಕೆಂಪು ಬಟ್ಟೆಗೆ ಕಾಲು ಸುತ್ತಿಕೊಂಡು ತಲೆಕೆಳಗಾಗಿ ತೂಗುತ್ತಿದ್ದಳು. ಬಿದ್ದಾಳು, ಬಿದ್ದಾಳು ಎಂದು ಸುನಂದಾ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಆ ಗದ್ದಲದಲ್ಲಿ ಗುರುಮೂರ್ತಿ ಅವಳ ಕಿವಿಯ ಹತ್ತಿರ ಬಾಗಿ ಹೇಳಿದ್ದರು: "ನಾಳೆ ಅಮಾವಾಸ್ಯೆ. ಈ ಬಾತ್‌ರೂಮಿನ ಪಕ್ಕದಲ್ಲೆಲ್ಲ ನನ್ನ ಕೈಲಾಗಲ್ಲ. ಪೆನಾಂಗಲ್ಲಿ ಇಳಿದು ಸಮುದ್ರದ ಹತ್ರ ತರ್ಪಣ ಮುಗಿಸ್ಕೊಂಡು ಬರ್ತೀನಿ. ತಿಂಡಿ ಆಮೇಲೆ. ಮಯಂಕ್‌ಗೆ ಹೇಳ್ಬೇಡ, ಸುಮ್ನೆ ಲೆಕ್ಚರ್ ಕೊಡ್ತಾನೆ." ಸುನಂದಾ ಆ ಹುಡುಗಿಯ ಮೇಲಿನ ಕಣ್ಣು ತೆಗೆಯದೆ "ಹೂಂ ರೀ" ಎಂದಿದ್ದಳು. ಸ್ಪಷ್ಟವಾಗಿ ಎಂದಿದ್ದಳು. ಅವರು ಹೇಳಿದ್ದಾರೆ, ಹೆಂಡತಿ ಒಪ್ಪಿದ್ದಾಳೆ, ಹಾಗಿದ್ದೂ ಬೆಳಿಗ್ಗೆ ಪೆನ್ನು ತಂದಳು ಎಂದರೆ ಏನೋ ಲೆಕ್ಕ ಹಾಕಿಯೇ ತಂದಿರುತ್ತಾಳೆ ಎಂದುಕೊಂಡಿರಬೇಕು ಅವರು. ಅವಳ ಡಿಪಾರ್ಟ್‌ಮೆಂಟು ತಾನೆ!

"ರೇಣುಕಾ, ಗಂಟೆ ಎಷ್ಟು?"

"ಟೆನ್ ಫಿಫ್ಟಿ ಫೈವ್ ಆಂಟಿ. ಯಾಕೆ, ಏನಾಯ್ತು? ಯಾಕೆ ಹಾಗೆ ಬೆವರ್ತಿದೀರಾ?"

ಹೇಳುತ್ತ ಕೂರುವ ಹೊತ್ತಾಗಿರಲಿಲ್ಲ. ಸುನಂದಾ ಕಾಫಿ ಮೇಜಿನ ಮೇಲಿನ ಸಕ್ಕರೆ ಪೊಟ್ಟಣಗಳನ್ನು ಎರಡೂ ಕೈಯಲ್ಲಿ ಬಾಚಿ ಬ್ಯಾಗಿಗೆ ತುಂಬಿದಳು. ಕ್ಯಾಬಿನ್ನಿಗೆ ಓಡಿದಳು. ಗಂಡನ ಫೋನು ಮೇಜಿನ ಮೇಲೆ ಚಾರ್ಜಿಗೆ ಇತ್ತು. ಮಯಂಕ್‌ಗೆ ಫೋನ್ ಮಾಡಿದರೆ ಹತ್ತುತ್ತಲೇ ಇಲ್ಲ, ಬೆಟ್ಟದ ಮೇಲೆ ಸಿಗ್ನಲ್ ಇಲ್ಲವೋ ಏನೋ. "ಮಯಂಕ್, ಅಪ್ಪ ಏನೂ ತಿಂದಿಲ್ಲ ಕಣೋ, ನಾನು ಸೂಜಿ ಹಾಕ್ಬಿಟ್ಟಿದೀನಿ, ಕೆಳಗೆ ಸಮುದ್ರದ ಹತ್ರ ಎಲ್ಲೋ ಇದಾರೆ, ಬೇಗ ಬಾ" ಎಂದು ಮೆಸೇಜ್ ಬಿಟ್ಟಳು. ಹಡಗಿನ ಬಾಗಿಲಲ್ಲಿ ಕಾರ್ಡ್ ತೋರಿಸುವಾಗ ಅಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿ, ನಿಮ್ಮ ಯಜಮಾನರು ಎಂಟೂ ಹತ್ತಕ್ಕೆ ಇಳಿದಿದ್ದಾರೆ, ಇನ್ನೂ ಹತ್ತಿಲ್ಲ ಎಂದ. ಡಾಕ್ಟರಿಗೆ ತಿಳಿಸಿಡುತ್ತೇನೆ, ನೀವು ಇಲ್ಲೇ ಇರಿ ಮೇಡಂ ಎಂದೂ ಹೇಳಿದ. ಆಕೆ ಆಗಲೇ ಇಳಿಜಾರಿನ ಅರ್ಧದಲ್ಲಿದ್ದಳು.

ಸಕ್ಕರೆ ಇಳಿಯುವುದು ಹೇಗೆ ಎಂದು ಸುನಂದಾಗೆ ಯಾರೂ ಹೇಳಿಕೊಡಬೇಕಿಲ್ಲ. ಹಿಂದೆ ಒಮ್ಮೆ ಮದುವೆ ಮನೆಯಲ್ಲಿ ಊಟ ತಡವಾದಾಗ ನೋಡಿದ್ದಳು. ಮೊದಲು ಬೆವರು, ನಡುಕ. ಆಮೇಲೆ ಸಿಟ್ಟು, ಯಾರು ಏನು ಹೇಳಿದರೂ ಸಿಟ್ಟು. ಆಮೇಲೆ ಎದುರಿಗಿರುವವರು ಯಾರು, ತಾನೆಲ್ಲಿದ್ದೇನೆ ಎಂಬುದು ಕಲಸಿಹೋಗುತ್ತದೆ. ಆಮೇಲೆ ನಿದ್ದೆ. ಆ ನಿದ್ದೆಯೇ ಕೆಟ್ಟದ್ದು. ಅವತ್ತು ಸಿಟ್ಟಿನ ಹಂತಕ್ಕೇ ಪಾಯಸ ಬಂದಿತ್ತು. ಇವತ್ತು ಆ ಮನುಷ್ಯ ಗೊತ್ತಿಲ್ಲದ ಊರಿನಲ್ಲಿ, ನೀರಿನ ಅಂಚಿನಲ್ಲಿ, ಒಬ್ಬರೇ.

ಬಂದರಿನ ಹೊರಗೆ ಬಿಸಿಲು ರಾಚುತ್ತಿತ್ತು. ಮೊದಲು ಸಮುದ್ರದ ಬದಿಯ ಮೈದಾನದ ಕಡೆಗೆ ಹೋದಳು. ಮಂಡಿ ಒಂದೊಂದು ಹೆಜ್ಜೆಗೂ ಕಿರುಗುಟ್ಟಿತು. ಅಲ್ಲಿ ಉದ್ದಕ್ಕೂ ಕಟ್ಟೆ, ಕಟ್ಟೆಗೆ ಕಂಬಿ, ನೀರು ಆಳದಲ್ಲಿ ಕಲ್ಲಿಗೆ ಬಡಿಯುತ್ತಿತ್ತು. ಕಟ್ಟೆಯ ತುದಿಯಲ್ಲಿ ಹತ್ತು ಹದಿನೈದು ಜನ ಗುಂಪುಗಟ್ಟಿ ಬಗ್ಗಿ ಕೆಳಗೆ ನೋಡುತ್ತಿದ್ದರು. ಸುನಂದಾ ಜನರನ್ನು ತಳ್ಳಿಕೊಂಡು ನುಗ್ಗಿ ನೋಡಿದರೆ ಕೆಳಗೆ ಕಲ್ಲಿನ ಮೇಲೆ ಒಂದು ದೊಡ್ಡ ಉಡ ಬಿಸಿಲು ಕಾಯಿಸುತ್ತ ಮಲಗಿತ್ತು. ಟೂರಿಸ್ಟುಗಳು ಅದರ ಫೋಟೋ ತೆಗೆಯುತ್ತಿದ್ದರು. ಹಾಳಾದವರು, ನೋಡಲು ಇದೇ ಸಿಕ್ಕಿತೇ ಎಂದು ಆಕೆಗೆ ಅಳುವೇ ಬಂತು.

ಕಟ್ಟೆಗೆ ಕೈಯೂರಿ ನಿಂತು ಯೋಚಿಸಿದಳು. ಇಲ್ಲಿ ನೀರು ಕೈಗೆ ಸಿಗುವುದಿಲ್ಲ. ಅವರಿಗೆ ನೀರು ಮುಟ್ಟಲು ಸಿಗಬೇಕು, ಕೂರಲು ಜಾಗ ಬೇಕು, ಜನ ಇರಬಾರದು. ರಸ್ತೆ ಬದಿಯಲ್ಲಿ ಸೈಕಲ್ ರಿಕ್ಷಾ ನಿಲ್ಲಿಸಿಕೊಂಡಿದ್ದ ಚೀನೀ ಮುದುಕನ ಹತ್ತಿರ ಹೋಗಿ, ಕೈ ಬಗ್ಗಿಸಿ ನೀರು ಮೊಗೆಯುವಂತೆ ತೋರಿಸಿ, "ಅಂಕಲ್, ಸೀ ವಾಟರ್ ಟಚ್, ವೇರ್ ಕ್ಯಾನ್?" ಎಂದಳು.

"ಜೆಟ್ಟಿ ಲಾ" ಎಂದ ಮುದುಕ. ಆಕೆಯನ್ನು ಮೇಲಿಂದ ಕೆಳಗೆ ನೋಡಿ, "ಮಾರ್ನಿಂಗ್ ಒನ್ ಇಂಡಿಯನ್ ಅಂಕಲ್ ಆಲ್ಸೋ ಆಸ್ಕ್ ಮಿ" ಎಂದ.

ಸುನಂದಾ ರಿಕ್ಷಾದಲ್ಲಿ ಕೂತು, ಜೆಟ್ಟಿಗೆ ಬಾ ಎಂದು ಮಯಂಕ್‌ಗೆ ಇನ್ನೊಂದು ಮೆಸೇಜ್ ಬಿಟ್ಟು, "ಫಾಸ್ಟ್ ಅಂಕಲ್, ಫಾಸ್ಟ್" ಎನ್ನುತ್ತಲೇ ಇದ್ದಳು. ಪಾಪದ ಮುದುಕ ಎದ್ದು ನಿಂತು ತುಳಿದ.

ಜೆಟ್ಟಿ ಎಂದರೆ ಸಮುದ್ರದೊಳಗೆ ಕಂಬ ನೆಟ್ಟು, ಮೇಲೆ ಹಲಗೆ ಹಾಸಿ, ಎರಡೂ ಬದಿಗೆ ಮನೆ ಕಟ್ಟಿಕೊಂಡ ಒಂದು ಕೇರಿ. ಹಲಗೆಗಳ ಸಂದಿನಲ್ಲಿ ಕೆಳಗಿನ ಕಪ್ಪು ನೀರು ಕಾಣುತ್ತಿತ್ತು. ನೀರು ಏರುತ್ತಿತ್ತು. ಬಾಗಿಲಲ್ಲಿ ಕೂತ ಒಬ್ಬ ಚೀನೀ ಅಜ್ಜಿ ಆಕೆಯನ್ನು ಕಂಡದ್ದೇ ಎದ್ದು, ಏನೂ ಕೇಳದೆ, ಕೇರಿಯ ತುದಿಯ ಕಡೆಗೆ ಕೈ ತೋರಿಸಿದಳು. ಆ ಕೈ ತೋರಿಸಿದ ರೀತಿ ಸುನಂದಾಗೆ ಒಂದಿಷ್ಟೂ ಹಿಡಿಸಲಿಲ್ಲ.

ಗುರುಮೂರ್ತಿ ತುದಿಯ ಮೆಟ್ಟಿಲಿನ ಮೇಲೆ ಕೂತಿದ್ದರು. ಪ್ಯಾಂಟಿನ ಮೇಲೇ ಪಂಚೆ ಸುತ್ತಿಕೊಂಡಿದ್ದರು. ಮೈಮೇಲೆ ಅಂಗಿ ಇಲ್ಲ, ಬೆನ್ನಿನಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಬೆರಳಿನಲ್ಲಿ ದರ್ಭೆಯ ಪವಿತ್ರ. ಎಳ್ಳು ಹಲಗೆಯ ತುಂಬ ಚೆಲ್ಲಿತ್ತು. ಕೆಳಗಿನ ಎರಡು ಮೆಟ್ಟಿಲು ಆಗಲೇ ನೀರಿನೊಳಗೆ ಹೋಗಿ, ಅವರ ಪಾದ ನೆನೆಯುತ್ತಿತ್ತು. ಅವರಿಗೆ ಅದರ ಪರಿವೆ ಇರಲಿಲ್ಲ.

"ರೀ!"

ಅವರು ತಿರುಗಲಿಲ್ಲ. ನಡುಗುವ ಕೈಯಲ್ಲಿ ನೀರು ಮೊಗೆದು, "ಅಶ್ವತ್ಥನಾರಾಯಣ ಶರ್ಮಾಣಂ" ಎಂದರು. ಅದು ಅವರ ತಂದೆಯ ಹೆಸರು. ನೀರು ಬಿಟ್ಟರು. ಮತ್ತೆ ಮೊಗೆದು ಮತ್ತೆ ಅದೇ ಹೆಸರು. ಮುಂದೆ ಬರಬೇಕಾದದ್ದು ಅಜ್ಜ ಅನಂತರಾಮಯ್ಯನ ಹೆಸರು, ಆಮೇಲೆ ಮುತ್ತಜ್ಜನದು. ಮದುವೆಯಾದಾಗಿನಿಂದ ಅಡುಗೆಮನೆಯಲ್ಲಿ ನಿಂತು ಕೇಳಿ ಕೇಳಿ ಸುನಂದಾಗೇ ಬಾಯಿಪಾಠ. ಅವರಿಗೆ ಅಜ್ಜನ ಹೆಸರು ಸಿಗುತ್ತಿರಲಿಲ್ಲ. ತುಟಿ ಅಲ್ಲಾಡುತ್ತಿತ್ತು, ಹಣೆ ಸುಕ್ಕುಗಟ್ಟಿತ್ತು. ಆಕೆ ಹತ್ತಿರ ಹೋಗಿ ಹೆಗಲು ಮುಟ್ಟುವಷ್ಟರಲ್ಲಿ ಅವರಿಗೆ ಒಂದು ಹೆಸರು ಸಿಕ್ಕಿತು. ಸಿಕ್ಕಿತಲ್ಲ ಎಂಬ ಸಮಾಧಾನ ಮುಖದಲ್ಲಿ ಕಂಡಿತು. ಕೈ ತುಂಬ ಎಳ್ಳುನೀರು ಹಿಡಿದು, ಗಟ್ಟಿಯಾಗಿ, ತಪ್ಪಿಲ್ಲದೆ ಹೇಳಿದರು:

"ಗುರುಮೂರ್ತಿ ಶರ್ಮಾಣಂ, ಸ್ವಧಾ ನಮಸ್ತರ್ಪಯಾಮಿ."

ಹೆಬ್ಬೆರಳಿನ ಸಂದಿನಿಂದ ನೀರು ಬಿಟ್ಟರು. ಸತ್ತವರಿಗೆ ಬಿಡುವಂತೆ, ತಮ್ಮ ಹೆಸರಿಗೆ ತಾವೇ.

"ಬೇಡ! ಸಾಕು ನಿಲ್ಸಿ!" ಸುನಂದಾ ಕಿರುಚಿ ಅವರ ಕೈ ಹಿಡಿದೆಳೆದಳು. ಅವರು ಆಕೆಯನ್ನು ದುರುಗುಟ್ಟಿ ನೋಡಿದರು. ಗುರುತು ಹತ್ತಿದ ನೋಟವಲ್ಲ ಅದು. ಎರಡನೇ ಸಲ ನೀರಿಗೆ ಬಗ್ಗಿದರು. ಆಕೆ ಹಿಂದಿನಿಂದ ಎರಡು ಕಂಕುಳಿಗೂ ಕೈ ಹಾಕಿ, ಎಲ್ಲಿಂದ ಬಂತೋ ಆ ಬಲ, ಮೇಲಿನ ಹಲಗೆಗೆ ಎಳೆದು ಹಾಕಿದಳು. ಸಕ್ಕರೆ ಪೊಟ್ಟಣ ಹಲ್ಲಿನಲ್ಲಿ ಹರಿದು ಬಾಯಿಗೆ ಹಾಕಹೋದರೆ ಅವರು ಹಲ್ಲು ಕಚ್ಚಿಕೊಂಡರು.

"ಆಗಿಲ್ಲ... ಇನ್ನೂ ಆಗಿಲ್ಲ..."

"ಆಗದಿದ್ರೆ ಹೋಗ್ಲಿ! ನಿಮ್ಮಪ್ಪಂಗೆ ನಾನು ಹೇಳ್ಕೋತೀನಿ! ಬಾಯಿ ತೆಗೀರಿ!"

ಹಟದ ಮಕ್ಕಳಿಗೆ ಔಷಧ ಕುಡಿಸುವ ಹಾಗೆ ಎರಡು ಕೆನ್ನೆ ಒತ್ತಿ ಬಾಯಿ ತೆರೆಸಿದಳು. ಸಕ್ಕರೆ ಸುರಿದು ಒಸಡಿಗೆ ಉಜ್ಜಿದಳು. ಅವರು ಉಗಿದರು, ಆಕೆಯ ಕೈ ಕಚ್ಚಿದರು. ಇನ್ನೊಂದು ಪೊಟ್ಟಣ, ಮತ್ತೊಂದು. ಚೀನೀ ಅಜ್ಜಿ ದೊಡ್ಡ ಮಗ್ಗಿನಲ್ಲಿ ಮೈಲೋ ಎನ್ನುವ ಸಿಹಿ ಚಾಕೊಲೇಟ್ ಪುಡಿಯನ್ನು ಗಟ್ಟಿಯಾಗಿ ಕಲಸಿಕೊಂಡು ಓಡಿ ಬಂದಳು. ಅದನ್ನು ಚಮಚ ಚಮಚವಾಗಿ ಒಳಗೆ ಇಳಿಸುತ್ತ ಸುನಂದಾ ಬೈಯುತ್ತಿದ್ದಳು, ಅಳುತ್ತಿದ್ದಳು, ತಾಯಿ ಚಾಮುಂಡೇಶ್ವರಿಯನ್ನು ಕರೆಯುತ್ತಿದ್ದಳು. ಅವರ ಕಣ್ಣು ಮುಚ್ಚಿಹೋಗುತ್ತಿತ್ತು. ಮುಚ್ಚಿದಾಗಲೆಲ್ಲ ಕೆನ್ನೆಗೆ ಬಡಿದಳು.

ಅದ್ವಿಕಾಳನ್ನು ಹಡಗಿನ ಡಾಕ್ಟರ ಹತ್ತಿರ ಕಳಿಸಿ ಮಯಂಕ್ ಟ್ಯಾಕ್ಸಿ ಇಳಿದು ಓಡಿ ಬಂದಾಗ ಇಪ್ಪತ್ತು ನಿಮಿಷ ಕಳೆದಿತ್ತು. ಗುರುಮೂರ್ತಿ ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರು. ಕಣ್ಣು ತೆರೆದಿತ್ತು. ಕೇಳಿದ್ದಕ್ಕೆ ಉತ್ತರವಿಲ್ಲ, ಒಂದೇ ಸಮನೆ, "ಆಗಿಲ್ಲ, ಆಗಿಲ್ಲ" ಎನ್ನುತ್ತಿದ್ದರು.

"ಏನಾಗಿಲ್ಲ ಅಮ್ಮಾ? ಏನಂತಿದಾರೆ ಅಪ್ಪ?"

"ತರ್ಪಣ ಕಣೋ."

ಮಯಂಕ್ ಸುತ್ತ ನೋಡಿದ. ಸಿಂಗಪುರದಲ್ಲೇ ಹುಟ್ಟಿ ಬೆಳೆದ ಹುಡುಗ, ಒಳ್ಳೆಯ ಮನಸ್ಸಿನವನು. ಅಪ್ಪನ ಸಂಕಟ ಅವನಿಂದ ನೋಡಲಾಗಲಿಲ್ಲ. ಬಗ್ಗಿ ಹಲಗೆಯ ಮೇಲಿನ ಎಳ್ಳಿನ ಪೊಟ್ಟಣಕ್ಕೆ ಕೈ ಹಾಕಿ, "ಇಷ್ಟೇ ತಾನೆ, ನಾನೇ ಹಾಕ್ಬಿಡ್ತೀನಿ ಅಮ್ಮಾ. ಜಸ್ಟ್ ವಾಟರ್ ಪೋರ್ ಮಾಡೋದಲ್ವಾ? ಅಪ್ಪಂಗೂ ಸಮಾಧಾನ ಆಗುತ್ತೆ" ಎಂದ.

"ಮುಟ್ಟಬೇಡ!"

ಆ ಕೂಗಿಗೆ ಚೀನೀ ಅಜ್ಜಿಯೂ ಎರಡು ಹೆಜ್ಜೆ ಹಿಂದೆ ಸರಿದಳು. ಮಯಂಕ್ ಪೊಟ್ಟಣವನ್ನು ಗಾಳಿಯಲ್ಲೇ ಹಿಡಿದು ನಿಂತ.

"ಅಪ್ಪ ಇರೋ ಮಕ್ಳು ಎಳ್ಳು ಮುಟ್ಟೋ ಹಾಗಿಲ್ಲ ಕಣೋ" ಎಂದಳು ಸುನಂದಾ. "ಇಡು ಕೆಳಗೆ. ನಿನ್ನಪ್ಪ ಇದಾರೆ."

ಆ ಪೊಟ್ಟಣವನ್ನು ಆಕೆಯೇ ಕಾಲಿನಿಂದ ನೀರಿಗೆ ನೂಕಿದಳು.

ಹಡಗಿನ ಆಸ್ಪತ್ರೆ ಕೆಳಗಿನ ಮಹಡಿಯಲ್ಲಿತ್ತು. ಅಲ್ಲಿ ಕಿಟಕಿ ಇರಲಿಲ್ಲ. ಅಷ್ಟೆಲ್ಲ ಸಕ್ಕರೆ ಹಾಕಿದ ಮೇಲೂ ಮೀಟರಿನಲ್ಲಿ ಎರಡೂ ಮುಕ್ಕಾಲು ಬಂತು, ಇಂಡಿಯಾದ ಲೆಕ್ಕದಲ್ಲಿ ಐವತ್ತು; ನಾಲ್ಕರ, ಅಂದರೆ ಎಪ್ಪತ್ತರ ಕೆಳಗೇ ಅಪಾಯ. ಡಾಕ್ಟರಮ್ಮ ಗ್ಲೂಕೋಸ್ ಏರಿಸುತ್ತ, ಇನ್ನು ಅರ್ಧ ಗಂಟೆ ಹೋಗಿದ್ದರೆ ನನ್ನ ಹತ್ತಿರ ತರುವ ಅಗತ್ಯ ಇರುತ್ತಿರಲಿಲ್ಲ ಎಂದಳು. ಮೂರು ಗಂಟೆಗೆ ಗುರುಮೂರ್ತಿ ಮಗನನ್ನು ಹೆಸರು ಹಿಡಿದು ಕರೆದರು. ಮಯಂಕ್ ಅಷ್ಟು ಹೊತ್ತು ತಡೆದುಕೊಂಡಿದ್ದದ್ದು ಆಗ ಹೊರಗೆ ಬಂತು.

"ವಾಟ್ ಈಸ್ ದಿಸ್ ಅಪ್ಪಾ? ಅಟ್ ಲೀಸ್ಟ್ ಅಮ್ಮಂಗೆ ಒಂದು ಮಾತು ಹೇಳ್ಬೇಕಿತ್ತು ತಾನೆ? ಹೇಳ್ದೇ ಕೇಳ್ದೇ ಫಾಸ್ಟಿಂಗ್ ಮಾಡಿದ್ರೆ ಅವ್ರಿಗೆ ಹೇಗೆ ಗೊತ್ತಾಗುತ್ತೆ?"

ಗುರುಮೂರ್ತಿ ನೆನಪು ಮಾಡಿಕೊಳ್ಳಲು ನೋಡಿದರು. "ಹೇಳಿರ್ಲಿಲ್ವೇನೋ..." ಎಂದರು ಕಡೆಗೆ, ತಪ್ಪು ಒಪ್ಪಿಕೊಳ್ಳುವವರ ಹಾಗೆ.

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುನಂದಾ ಸುಮ್ಮನಿರಲಿಲ್ಲ. "ಹೇಳಿದ್ರು ಕಣೋ. ನಾನು ಹೂಂ ಅಂದೆ. ಬೆಳಿಗ್ಗೆ ಮರೆತು ಚುಚ್ಚಿದೆ. ಅವರದೇನೂ ತಪ್ಪಿಲ್ಲ."

ಮಯಂಕ್ ಅಮ್ಮನ ಮುಖ ನೋಡಿದ. ಫಾರ್ಮ್‌ಗೆ ಸೈನ್ ಮಾಡಬೇಕು ಎಂದು ಹೊರಗೆ ಹೋದ.

ನೆಲದ ಕೆಳಗಿನಿಂದ ಇಂಜಿನ್ ಶುರುವಾದ ಸದ್ದು ಬಂತು. ಗುರುಮೂರ್ತಿ ಕಿವಿಗೊಟ್ಟು ಕೇಳಿದರು. ಆಮೇಲೆ ಹೆಂಡತಿಯ ಕಡೆಗೆ ತಿರುಗಿ, ಅವಳ ಕೈಯ ಮೇಲಿನ ಹಲ್ಲಿನ ಗುರುತನ್ನು ನೋಡಿ, ಇದೇನು ಎಂದರು. ಏನಿಲ್ಲ ಎಂದು ಆಕೆ ಸೆರಗು ಮುಚ್ಚಿಕೊಂಡಳು.

"ಸುನಂದಾ, ಸಂಕಲ್ಪ ಮಾಡಿದ್ದು ನೆನಪಿದೆ. ಅಪ್ಪನ ಹೆಸರು ಹೇಳಿದ್ದು ನೆನಪಿದೆ. ಮುಂದಕ್ಕೆ ಏನೂ ಜ್ಞಾಪಕ ಇಲ್ಲ ಕಣೇ." ತೊಟ್ಟಿಕ್ಕುವ ಗ್ಲೂಕೋಸನ್ನೇ ನೋಡುತ್ತ ಕೇಳಿದರು, "ನಾನು ಮುಗಿಸಿದ್ನಾ?"

ಹಡಗು ಆಗಲೇ ದಡ ಬಿಡುತ್ತಿತ್ತು. ಇಲ್ಲ ಎಂದರೆ ಈ ಮನುಷ್ಯ ಸೂಜಿ ಕಿತ್ತುಕೊಂಡು ಎದ್ದೇ ಏಳುತ್ತಾರೆ ಎಂದು ಆಕೆಗೆ ಗೊತ್ತಿತ್ತು.

"ಮುಗಿಸಿದ್ರಿ."

"ಎಲ್ಲರ ಹೆಸರೂ ಹೇಳಿದ್ನಾ? ಯಾರನ್ನೂ ಬಿಡ್ಲಿಲ್ಲ ತಾನೆ?"

"ಯಾರನ್ನೂ ಬಿಡ್ಲಿಲ್ಲ ರೀ" ಎಂದಳು ಸುನಂದಾ.

ಅವರು ನೆಮ್ಮದಿಯಿಂದ ಕಣ್ಣು ಮುಚ್ಚಿದರು. "ಮುಂದಿನ ವರ್ಷ ಮನೇಲೇ ಮಾಡ್ಕೊಳ್ಳೋಣ ಬಿಡು, ಈ ಪರದಾಟ ಬೇಡ" ಎಂದರು.

ಸುನಂದಾ ಸೆರಗಿನೊಳಗೇ ಬೆರಳು ಮಡಚಿ, ಅವರು ಇವತ್ತು ನೀರು ಬಿಟ್ಟ ಹೆಸರುಗಳನ್ನು ಎಣಿಸಿದಳು: ಮಾವನವರದು ಒಂದು, ಇವರದೇ ಒಂದು.